ಒಂದೇ ಪೊರೆ, ಎರಡು ಕಸುಬು: ಜೀವಕೋಶದ ಒರಟು ಮತ್ತು ನುಣುಪು ಒಳಜಾಲ

ಜೀವವಿಜ್ಞಾನದ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಪ್ರಶ್ನೆಯೊಂದಿದೆ: ‘ಒರಟು ಮತ್ತು ನುಣುಪು ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ಗಳಿಗಿರುವ ವ್ಯತ್ಯಾಸಗಳನ್ನು ತಿಳಿಸಿ.’ ಉತ್ತರವೂ ವಿದ್ಯಾರ್ಥಿಗಳ ನಾಲಿಗೆಯ ತುದಿಯಲ್ಲೇ ಇರುತ್ತದೆ. ಒರಟಾದುದರ ಮೇಲೆ ರೈಬೊಸೋಮ್ ಕಣಗಳಿವೆ, ನುಣುಪಾದುದರ ಮೇಲೆ ಇಲ್ಲ. ಒರಟಾದುದು ಪ್ರೋಟೀನನ್ನು ತಯಾರಿಸುತ್ತದೆ, ನುಣುಪಾದುದು ಕೊಬ್ಬನ್ನು ತಯಾರಿಸುತ್ತದೆ. ಅಂಕ ಗಳಿಸಲು ಇಷ್ಟು ಸಾಕು.

ಈ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನು ಬಾಯಿಪಾಠ ಮಾಡಿದವರ ಮನಸ್ಸಿನಲ್ಲಿ ಎರಡು ಕಲ್ಪನೆಗಳು ಬೇರೂರುತ್ತವೆ. ಮೊದಲನೆಯದು, ಇವು ಎರಡು ಪ್ರತ್ಯೇಕ ಕಣದಂಗಗಳು ಎಂಬುದು. ಎರಡನೆಯದು, ಕೋಶವೊಂದರಲ್ಲಿ ಇವುಗಳ ಪ್ರಮಾಣ ಹುಟ್ಟಿನಿಂದಲೇ ನಿಗದಿಯಾಗಿದೆ ಎಂಬುದು. ಎರಡೂ ಸರಿಯಲ್ಲ. ಒರಟು ಮತ್ತು ನುಣುಪು ಎಂಬವು ಒಂದೇ ಅಖಂಡ ಪೊರೆಯ ಎರಡು ಭಾಗಗಳು. ಕೋಶದ ಕಸುಬಿಗೆ ತಕ್ಕಂತೆ ಅವುಗಳ ಪಾಲು ಬದಲಾಗುತ್ತದೆ. ನಾವು ನುಂಗುವ ಮಾತ್ರೆಯೂ ಆ ಪಾಲನ್ನು ಬದಲಾಯಿಸಬಲ್ಲದು. ಕ್ಷಯರೋಗಿಯೊಬ್ಬರಿಗೆ ಕೊಟ್ಟ ಬೇರೊಂದು ಔಷಧ ಕೆಲಸ ಮಾಡುತ್ತದೆಯೇ ಇಲ್ಲವೇ ಎಂಬುದು ಕೂಡ ಈ ಪೊರೆಯನ್ನು ಅವಲಂಬಿಸಿದೆ. ಆದ್ದರಿಂದ ವಿಷಯವನ್ನು ವ್ಯತ್ಯಾಸಗಳ ಪಟ್ಟಿಯ ಆಚೆಗೂ ನೋಡುವುದು ಅಗತ್ಯ.

ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಉದ್ದನೆಯ ಹೆಸರನ್ನು ಈ ಲೇಖನದಲ್ಲಿ ಅನುಕೂಲಕ್ಕಾಗಿ ‘ಒಳಜಾಲ’ ಎಂದು ಕರೆಯೋಣ.

ಅಳತೆಗಳಿಂದ ಆರಂಭಿಸೋಣ

ಭೌತವಿಜ್ಞಾನ ಕಲಿಸುವ ನನ್ನಂಥವರಿಗೆ ಒಳಜಾಲದಲ್ಲಿ ಮೊದಲು ಅಚ್ಚರಿ ಹುಟ್ಟಿಸುವುದು ಅದರ ಅಳತೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಪೊರೆಗಳ ವಿಸ್ತೀರ್ಣವನ್ನು ಲೆಕ್ಕಹಾಕುವ ವಿಧಾನಗಳಿವೆ. ಅವುಗಳಿಂದ ಸಸ್ತನಿಗಳ ಎರಡು ಬಗೆಯ ಕೋಶಗಳಿಗೆ ದೊರೆತ ಸುಮಾರು ಬೆಲೆಗಳು ಹೀಗಿವೆ.

ಯಕೃತ್ತಿನ (ಪಿತ್ತಜನಕಾಂಗದ) ಕೋಶ: ಗಾತ್ರ 5,000 ಘನ ಮೈಕ್ರೊಮೀಟರ್, ಎಲ್ಲ ಪೊರೆಗಳ ಒಟ್ಟು ವಿಸ್ತೀರ್ಣ 1,10,000 ಚದರ ಮೈಕ್ರೊಮೀಟರ್. ಇದರಲ್ಲಿ ಹೊರಗಿನ ಕೋಶಪೊರೆ ಶೇ. 2, ಒರಟು ಒಳಜಾಲ ಶೇ. 35, ನುಣುಪು ಒಳಜಾಲ ಶೇ. 16.

ಮೇದೋಜೀರಕದ ಜೀರ್ಣರಸ ಸ್ರವಿಸುವ ಕೋಶ: ಗಾತ್ರ 1,000 ಘನ ಮೈಕ್ರೊಮೀಟರ್, ಎಲ್ಲ ಪೊರೆಗಳ ಒಟ್ಟು ವಿಸ್ತೀರ್ಣ 13,000 ಚದರ ಮೈಕ್ರೊಮೀಟರ್. ಇದರಲ್ಲಿ ಕೋಶಪೊರೆ ಶೇ. 5, ಒರಟು ಒಳಜಾಲ ಶೇ. 60, ನುಣುಪು ಒಳಜಾಲ ಶೇ. 1ಕ್ಕಿಂತ ಕಡಿಮೆ.

ಈ ಅಂಕಿಗಳು ಕಣ್ಣಿಗೆ ಕಟ್ಟಬೇಕಾದರೆ ಯಕೃತ್ತಿನ ಕೋಶವನ್ನು ಹತ್ತು ಲಕ್ಷ ಪಟ್ಟು ಹಿಗ್ಗಿಸೋಣ. ಆಗ ಒಂದು ಮೈಕ್ರೊಮೀಟರ್ ಒಂದು ಮೀಟರ್ ಆಗುತ್ತದೆ. ಒಂದು ನ್ಯಾನೊಮೀಟರ್ ಒಂದು ಮಿಲಿಮೀಟರ್ ಆಗುತ್ತದೆ. ಕೋಶವನ್ನು ಘನಾಕೃತಿ ಎಂದು ಭಾವಿಸಿದರೆ ಅದರ ಬದಿ 17 ಮೀಟರ್, ಅಂದರೆ 56 ಅಡಿ. ಇಂದಿರಾನಗರದ ದೊಡ್ಡ ನಿವೇಶನವೊಂದರಲ್ಲಿ ಎದ್ದ ಐದು ಅಂತಸ್ತಿನ ಕಟ್ಟಡ ಎಂದುಕೊಳ್ಳಿ. ಅದರೊಳಗಿನ ಒರಟು, ನುಣುಪು ಎರಡೂ ಸೇರಿ ಒಳಜಾಲದ ಪೊರೆ ಸುಮಾರು 56,000 ಚದರ ಮೀಟರ್, ಅಂದರೆ ಹದಿನಾಲ್ಕು ಎಕರೆಗೆ ಹತ್ತಿರ! ಕಟ್ಟಡ ನಿಂತಿರುವ ನಿವೇಶನದ 190 ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ಹಾಸನ್ನು ಮಡಿಸಿ, ಸುತ್ತಿ, ಕೊಳವೆ ಮಾಡಿ ಆ ಕಟ್ಟಡದೊಳಗೆ ಸೇರಿಸಲಾಗಿದೆ.

ಇದೇ ಅಳತೆಯಲ್ಲಿ ಪೊರೆಯ ದಪ್ಪ 5 ಮಿಲಿಮೀಟರ್, ಅಂದರೆ ತೆಳು ಪ್ಲೈವುಡ್ ಹಲಗೆಯಷ್ಟು. ಒರಟು ಒಳಜಾಲ ಹೆಚ್ಚಾಗಿ ಹಾಳೆಗಳ ರೂಪದಲ್ಲಿರುತ್ತದೆ: ಎರಡು ಹಲಗೆಗಳು, ನಡುವೆ ಮೂರರಿಂದ ಐದು ಸೆಂಟಿಮೀಟರ್ ಟೊಳ್ಳು, ಹೊರಮೈ ತುಂಬ ಸಣ್ಣ ನಿಂಬೆಹಣ್ಣಿನ ಗಾತ್ರದ ರೈಬೊಸೋಮ್‌ಗಳು. ನುಣುಪು ಒಳಜಾಲ ಹೆಚ್ಚಾಗಿ ಕೊಳವೆಗಳ ರೂಪದಲ್ಲಿರುತ್ತದೆ: ಎರಡರಿಂದ ನಾಲ್ಕು ಅಂಗುಲ ವ್ಯಾಸದ ಪಿ.ವಿ.ಸಿ. ಪೈಪುಗಳು ಎಲ್ಲ ದಿಕ್ಕಿಗೂ ಕವಲೊಡೆದು ಮತ್ತೆ ಮತ್ತೆ ಕೂಡಿಕೊಂಡಂತೆ. ಹಲಗೆಗಳ ಟೊಳ್ಳಿನಿಂದ ಪೈಪಿನ ಟೊಳ್ಳಿಗೆ ಎಲ್ಲಿಯೂ ಗೋಡೆಯಿಲ್ಲ. ಅಷ್ಟೇ ಅಲ್ಲ, ಕೋಶಕೇಂದ್ರವನ್ನು ಸುತ್ತುವರಿದ ಜೋಡಿ ಪೊರೆಯ ನಡುವಣ ಜಾಗವೂ ಇದೇ ಟೊಳ್ಳಿನ ಮುಂದುವರಿಕೆ.

ಹಾಳೆಗಳು ಒಂದರ ಮೇಲೊಂದು ಪೇರಿಸಿದ ತಟ್ಟೆಗಳಂತೆ ಬಿಡಿಬಿಡಿಯಾಗಿವೆ ಎಂದು ಪಠ್ಯಪುಸ್ತಕದ ಚಿತ್ರಗಳು ತೋರಿಸುತ್ತವೆ. 2013ರಲ್ಲಿ ಪ್ರಕಟವಾದ ಮೂರು ಆಯಾಮದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳಲ್ಲಿ ಅವು ಸುರುಳಿಯಾಕಾರದ ಇಳಿಜಾರುಗಳ ಮೂಲಕ ಪರಸ್ಪರ ಕೂಡಿಕೊಂಡಿರುವುದು ಕಂಡುಬಂತು. ಬಹುಮಹಡಿ ವಾಹನ ನಿಲುಗಡೆ ಕಟ್ಟಡದಲ್ಲಿ ಕಾರು ಒಂದು ಮಹಡಿಯಿಂದ ಇನ್ನೊಂದಕ್ಕೆ ಸುತ್ತಿ ಏರುತ್ತದಲ್ಲ, ಅದೇ ಏರ್ಪಾಡು.

ಕಂಡದ್ದು ಹೇಗೆ?

ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾಗದು. ಬೆಳಕಿನ ತರಂಗದೂರವೇ ಹಾಕಿದ ಮಿತಿ ಇದು. ಒಳಜಾಲದ ಕೊಳವೆಗಳೋ 50ರಿಂದ 100 ನ್ಯಾನೊಮೀಟರ್. ಹೀಗಾಗಿ 19ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಗಾರ್ನಿಯೆ ಗ್ರಂಥಿಗಳ ಕೋಶಗಳಲ್ಲಿ ಬಣ್ಣವನ್ನು ಗಾಢವಾಗಿ ಹೀರುವ ಪ್ರದೇಶವನ್ನು ಗುರುತಿಸಿದರಾದರೂ ಅದರ ರಚನೆ ಕಾಣಲಿಲ್ಲ. ಆ ಪ್ರದೇಶ ಒರಟು ಒಳಜಾಲ. ಬಣ್ಣ ಹೀರಿದ್ದು ರೈಬೊಸೋಮ್‌ಗಳ ಆರ್‌ಎನ್‌ಎ.

1945ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಕೀತ್ ಪೋರ್ಟರ್ ಮತ್ತು ಆಲ್ಬರ್ಟ್ ಕ್ಲಾಡ್, ಅರ್ನೆಸ್ಟ್ ಫುಲ್ಲಮ್ ಅವರೊಡನೆ, ಕೋಳಿಭ್ರೂಣದ ಕೋಶವೊಂದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಕಸೂತಿಯಂಥ ಜಾಲವೊಂದನ್ನು ವರ್ಣಿಸಿದರು. ಇಂದಿನ ಹೆಸರು ಕೊಟ್ಟವರು ಪೋರ್ಟರ್. 1955ರಲ್ಲಿ ಜಾರ್ಜ್ ಪಲಾಡೆ ಪೊರೆಗೆ ಅಂಟಿದ ಸಣ್ಣ ಕಣಗಳನ್ನು ವಿವರಿಸಿದರು, ಅವೇ ರೈಬೊಸೋಮ್‌ಗಳು. ಕ್ಲಾಡ್, ಪಲಾಡೆ ಮತ್ತು ಕ್ರಿಶ್ಚಿಯನ್ ಡಿ ಡೂವ್ ಅವರಿಗೆ 1974ರ ನೊಬೆಲ್ ಪಾರಿತೋಷಕ ಸಂದಿತು.

ನೋಡಿದರೆ ಸಾಲದು, ಬೇರ್ಪಡಿಸಿ ಪರೀಕ್ಷಿಸಲೂ ಬೇಕು. ಯಕೃತ್ತಿನ ತುಂಡನ್ನು ಅರೆದಾಗ ಒಳಜಾಲ ಹರಿದು, ಪ್ರತಿಯೊಂದು ಚೂರೂ ತಾನಾಗಿಯೇ ಮುಚ್ಚಿಕೊಂಡು ಸಣ್ಣ ಗುಳ್ಳೆಯಾಗುತ್ತದೆ. ಇವಕ್ಕೆ ಮೈಕ್ರೊಸೋಮ್ ಎಂದು ಹೆಸರು. ಗುರುತ್ವದ ಸುಮಾರು 1,00,000 ಪಟ್ಟು ಬಲದಲ್ಲಿ ಅಪಕೇಂದ್ರಕ ಯಂತ್ರವನ್ನು ತಿರುಗಿಸಿದರೆ ಇವು ತಳಕ್ಕೆ ಇಳಿಯುತ್ತವೆ. ಅನಂತರ ಮೇಲಿಂದ ಕೆಳಕ್ಕೆ ಸಾಂದ್ರತೆ ಹೆಚ್ಚುತ್ತ ಹೋಗುವ ಸಕ್ಕರೆ ದ್ರಾವಣದಲ್ಲಿ ಹಾಕಿ ತಿರುಗಿಸಿದರೆ ರೈಬೊಸೋಮ್ ಹೊತ್ತ ಭಾರದ ಗುಳ್ಳೆಗಳು ಕೆಳಗೂ ನುಣುಪು ಗುಳ್ಳೆಗಳು ಮೇಲೂ ನಿಲ್ಲುತ್ತವೆ. ಒರಟು, ನುಣುಪುಗಳ ರಸಾಯನವನ್ನು ಬೇರೆಬೇರೆಯಾಗಿ ತಿಳಿಯಲು ಸಾಧ್ಯವಾದದ್ದು ಈ ಸರಳ ತತ್ತ್ವದಿಂದ.

ಒರಟು ಒಳಜಾಲ: ಹೊರಗೆ ಕಳಿಸುವ ಸರಕಿನ ಕಾರ್ಖಾನೆ

ಕೋಶದ ಎಲ್ಲ ಪ್ರೋಟೀನುಗಳೂ ಒರಟು ಒಳಜಾಲದಲ್ಲಿ ತಯಾರಾಗುವುದಿಲ್ಲ. ಕೋಶರಸದಲ್ಲೇ ಉಳಿದು ಕೆಲಸ ಮಾಡುವ ಪ್ರೋಟೀನುಗಳನ್ನು ಅಲ್ಲೇ ತೇಲುವ ರೈಬೊಸೋಮ್‌ಗಳು ಹೆಣೆಯುತ್ತವೆ. ಕೋಶದಿಂದ ಹೊರಹೋಗಬೇಕಾದ, ಪೊರೆಗಳಲ್ಲಿ ನಾಟಿಕೊಳ್ಳಬೇಕಾದ ಅಥವಾ ಲೈಸೊಸೋಮ್ ಸೇರಬೇಕಾದ ಪ್ರೋಟೀನುಗಳಿಗೆ ಒರಟು ಒಳಜಾಲದ ದಾರಿ. ಇದನ್ನು ನಿರ್ಧರಿಸುವವರು ಯಾರು? ಪ್ರೋಟೀನಿನ ಆರಂಭದಲ್ಲಿರುವ, ಸಾಮಾನ್ಯವಾಗಿ 16ರಿಂದ 30 ಅಮೈನೊ ಆಮ್ಲಗಳ ಒಂದು ತುಣುಕು. ಅದು ಅಂಚೆ ವಿಳಾಸವಿದ್ದಂತೆ. ಈ ತುಣುಕು ರೈಬೊಸೋಮಿನಿಂದ ಹೊರಗೆ ಇಣುಕಿದೊಡನೆ ಕೋಶರಸದ ಸಹಾಯಕ ಕಣವೊಂದು ಅದನ್ನು ಹಿಡಿದು, ರೈಬೊಸೋಮನ್ನು ಪೊರೆಯ ಮೇಲಿನ ದ್ವಾರಕ್ಕೆ ತಂದು ಕೂರಿಸುತ್ತದೆ. ಮುಂದೆ ಹೆಣೆಯಲಾಗುವ ಸರಪಳಿ ನೇರವಾಗಿ ಟೊಳ್ಳಿನೊಳಕ್ಕೆ ಇಳಿಯುತ್ತದೆ. ಇದನ್ನು ಬಿಡಿಸಿಟ್ಟ ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಪಾರಿತೋಷಕ ದೊರೆಯಿತು.

ಇದರಿಂದ ಮುಖ್ಯವಾದ ಒಂದು ಸಂಗತಿ ಹೊರಡುತ್ತದೆ. ತೇಲುವ ರೈಬೊಸೋಮ್, ಅಂಟಿದ ರೈಬೊಸೋಮ್ ಎಂಬ ಎರಡು ಜಾತಿಗಳಿಲ್ಲ. ಕೆಲಸ ಮುಗಿದ ಮೇಲೆ ರೈಬೊಸೋಮ್ ಪೊರೆಯನ್ನು ಬಿಟ್ಟು ಹೋಗುತ್ತದೆ. ಅಂದರೆ ‘ಒರಟು’ ಎಂಬುದು ಪೊರೆಯ ಮೇಲೆ ನಡೆಯುತ್ತಿರುವ ಕೆಲಸದ ಗುರುತು.

ಈ ಕೆಲಸದ ಅತ್ಯುತ್ತಮ ನಿದರ್ಶನ ನಮ್ಮ ಸಮೀಪದಲ್ಲೇ ಇದೆ. ಕೆ.ಆರ್. ಪುರ ದಾಟಿ ಹೊಸಕೋಟೆಯ ಮೂಲಕ ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಗೆ ಹೋದರೆ ಹಿಪ್ಪುನೇರಳೆ ತೋಟಗಳು ಸಿಗುತ್ತವೆ. ನಾಲ್ಕನೆಯ ಜ್ವರ ಎದ್ದ ರೇಷ್ಮೆಹುಳು ಸುಮಾರು ಒಂದು ವಾರ ಎಡೆಬಿಡದೆ ಸೊಪ್ಪು ತಿನ್ನುತ್ತದೆ. ಆಮೇಲೆ ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನಷ್ಟು ಎಳೆ ಇರುತ್ತದೆ. ಈ ಎಳೆಯ ತಿರುಳಾದ ಫೈಬ್ರಾಯಿನ್ ಪ್ರೋಟೀನನ್ನು ತಯಾರಿಸುವುದು ರೇಷ್ಮೆಗ್ರಂಥಿಯ ಹಿಂಭಾಗದ ಸುಮಾರು ಐನೂರು ದೈತ್ಯ ಕೋಶಗಳು. ಗ್ರಂಥಿಗಳು ಎರಡು, ಆದ್ದರಿಂದ ಕೋಶಗಳು ಒಟ್ಟು ಸಾವಿರದಷ್ಟು. ಆ ಒಂದು ವಾರದಲ್ಲಿ ಈ ಕೋಶಗಳ ಒಳಗೆ ಒರಟು ಒಳಜಾಲ ದಟ್ಟವಾಗಿ ಬೆಳೆದು ಕೋಶರಸವನ್ನು ತುಂಬುತ್ತದೆ. ಫೈಬ್ರಾಯಿನಿನಲ್ಲಿ ಶೇ. 45ರಷ್ಟು ಇರುವುದು ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೊ ಆಮ್ಲ. ಇಷ್ಟೊಂದು ಗ್ಲೈಸಿನನ್ನು ರೈಬೊಸೋಮ್‌ಗೆ ಸರಬರಾಜು ಮಾಡುವ ಟಿ-ಆರ್‌ಎನ್‌ಎ ಅಣುಗಳೂ ಹೇರಳವಾಗಿ ಬೇಕು. ಅವುಗಳ ಜೀನುಗಳು ರೇಷ್ಮೆಗ್ರಂಥಿಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಮತ್ತು ಅವರ ಸಹೋದ್ಯೋಗಿಗಳು ಹಲವು ವರ್ಷ ಅಧ್ಯಯನ ಮಾಡಿದರು.

ಒರಟು ಒಳಜಾಲ ಪ್ರೋಟೀನನ್ನು ಹೆಣೆದು ಸುಮ್ಮನಾಗುವುದಿಲ್ಲ. ಮಡಿಸುತ್ತದೆ, ಸಕ್ಕರೆಯ ಸರಪಳಿ ಜೋಡಿಸುತ್ತದೆ, ಗಂಧಕದ ಕೊಂಡಿಗಳಿಂದ ಬಿಗಿಯುತ್ತದೆ, ಕೊನೆಗೆ ತಪಾಸಣೆ ಮಾಡುತ್ತದೆ. ಫೈಬ್ರಾಯಿನಿನ ಒಂದು ಉದ್ದ ಸರಪಳಿ ಮತ್ತು ಒಂದು ಗಿಡ್ಡ ಸರಪಳಿಯನ್ನು ಗಂಧಕದ ಕೊಂಡಿ ಬೆಸೆಯಬೇಕು. ಗಿಡ್ಡ ಸರಪಳಿಯಲ್ಲಿ ದೋಷವಿರುವ ರೇಷ್ಮೆಹುಳುವಿನ ತಳಿಗಳಿವೆ. ಅವುಗಳಲ್ಲಿ ಉದ್ದ ಸರಪಳಿ ತಯಾರಾದರೂ ತಪಾಸಣೆಯಲ್ಲಿ ತೇರ್ಗಡೆಯಾಗದೆ ಒಳಗೇ ಉಳಿಯುತ್ತದೆ. ಗೂಡಿನಲ್ಲಿ ಫೈಬ್ರಾಯಿನ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಕೊಂಡಿಗಾಗಿ ಇಡೀ ಬೆಳೆ ಕೈತಪ್ಪುತ್ತದೆ.

ನಮ್ಮ ಚರ್ಮ ಮತ್ತು ಮೂಳೆಗಳ ಕೊಲಾಜೆನ್ ಪ್ರೋಟೀನಿನ ಕಥೆಯೂ ಇಂಥದೇ. ಅದರ ಮೂರೆಳೆಯ ಸುರುಳಿ ರಚನೆಯನ್ನು 1954–55ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಸೂಚಿಸಿದರು. ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಈ ಭೌತವಿಜ್ಞಾನಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ಘಟಕವನ್ನು ಕಟ್ಟಿದರು. ಸುರುಳಿ ಬಿಗಿಯಾಗಿ ನಿಲ್ಲಬೇಕಾದರೆ ಕೊಲಾಜೆನ್ನಿನ ಹಲವು ಪ್ರೋಲೀನ್ ಘಟಕಗಳಿಗೆ ಆಮ್ಲಜನಕ ಸೇರಬೇಕು. ಈ ಕೆಲಸ ನಡೆಯುವುದು ಒರಟು ಒಳಜಾಲದ ಟೊಳ್ಳಿನಲ್ಲಿ; ಅದಕ್ಕೆ ‘ಸಿ’ ಜೀವಸತ್ವ ಬೇಕು. ನೆಲ್ಲಿಕಾಯಿ, ನಿಂಬೆ, ಸೀಬೆಗಳಿಂದ ದೂರವಾದವರಿಗೆ ವಸಡಿನಲ್ಲಿ ರಕ್ತ ಒಸರುವ ಸ್ಕರ್ವಿ ಬರುವುದರ ಮೂಲ ಇಲ್ಲಿದೆ.

ಇನ್ನೊಂದು ಉದಾಹರಣೆ ಕಾರ್ಖಾನೆಯದೇ. ಇನ್ಸುಲಿನ್ ಅಣುವಿನಲ್ಲಿ ಮೂರು ಗಂಧಕದ ಕೊಂಡಿಗಳಿವೆ. ಬ್ಯಾಕ್ಟೀರಿಯಗಳಿಗೆ ಒಳಜಾಲವಿಲ್ಲ. ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಮಾನವ ಇನ್ಸುಲಿನ್ ತಯಾರಿಸಿದರೆ ಅದು ಕೋಶದೊಳಗೆ ಮುದ್ದೆಯಾಗಿ ಕೂರುತ್ತದೆ. ಹೊರತೆಗೆದು ಬಿಡಿಸಿ ಮತ್ತೆ ಸರಿಯಾಗಿ ಮಡಿಸಬೇಕಾಗುತ್ತದೆ. ಯೀಸ್ಟ್‌ಗಳಲ್ಲಿ ಒಳಜಾಲವಿದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಹೊರತಂದ ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ ಪಿಚಿಯಾ ಎಂಬ ಯೀಸ್ಟಿನಿಂದ ಬಂದದ್ದು. ಇನ್ಸುಲಿನ್ನಿನ ಪೂರ್ವರೂಪವನ್ನು ಯೀಸ್ಟಿನ ಒಳಜಾಲವೇ ಮಡಿಸಿ ಹೊರಗೆ ಸ್ರವಿಸುತ್ತದೆ.

ನುಣುಪು ಒಳಜಾಲ: ಒಂದೇ ಹೆಸರು, ಹಲವು ಕೆಲಸ

ನುಣುಪು ಒಳಜಾಲಕ್ಕೆ ಎಲ್ಲ ಕೋಶಗಳಲ್ಲೂ ಒಂದೇ ಕಸುಬಿಲ್ಲ. ಅಡ್ರಿನಲ್ ಗ್ರಂಥಿ ಮತ್ತು ವೃಷಣಗಳಲ್ಲಿ ಹಾರ್ಮೋನು ತಯಾರಿಸುವ ಕೋಶಗಳಲ್ಲಿ ಅದು ಕೊಲೆಸ್ಟರಾಲಿನಿಂದ ಸ್ಟೀರಾಯ್ಡ್‌ಗಳನ್ನು ರೂಪಿಸುವುದರಲ್ಲಿ ಪಾಲುಗೊಳ್ಳುತ್ತದೆ. ಯಕೃತ್ತಿನಲ್ಲಿ ಔಷಧಗಳನ್ನೂ ವಿಷಗಳನ್ನೂ ನಿಭಾಯಿಸುತ್ತದೆ. ಸ್ನಾಯುಗಳಲ್ಲಿ ಕ್ಯಾಲ್ಸಿಯಮ್ ಅಯಾನುಗಳ ಉಗ್ರಾಣವಾಗುತ್ತದೆ.

ಸ್ನಾಯುವಿನ ಉದಾಹರಣೆಯಲ್ಲಿ ಭೌತವಿಜ್ಞಾನದ ಸುಂದರ ಲೆಕ್ಕವೊಂದಿದೆ. ಹಲಸೂರು ಕೆರೆಯ ದಂಡೆಯಲ್ಲಿ ಬೆಳಗ್ಗೆ ಓಡುವವರ ಕಾಲಿನ ಸ್ನಾಯು ಪ್ರತಿ ಹೆಜ್ಜೆಗೂ ಸಂಕುಚಿಸಿ ಸಡಿಲವಾಗಬೇಕು. ನರದ ಸಂಜ್ಞೆ ಬಂದಾಗ ಒಳಜಾಲದಿಂದ ಕ್ಯಾಲ್ಸಿಯಮ್ ಕೋಶರಸಕ್ಕೆ ನುಗ್ಗುತ್ತದೆ, ಸ್ನಾಯು ಸಂಕುಚಿಸುತ್ತದೆ. ಸಡಿಲವಾಗಲು ಅದನ್ನು ಮತ್ತೆ ಒಳಕ್ಕೆ ಸೇದಬೇಕು. ವಿಶ್ರಾಂತ ಸ್ಥಿತಿಯಲ್ಲಿ ಒಳಗಿನ ಸಾರತೆ ಹೊರಗಿನ ಸಾರತೆಯ ಹತ್ತು ಸಾವಿರ ಪಟ್ಟು ಎನ್ನೋಣ. ಒಂದು ಮೋಲ್ ಅಯಾನುಗಳನ್ನು ಈ ಏರಿನ ವಿರುದ್ಧ ಸಾಗಿಸಲು ಬೇಕಾದ ಕನಿಷ್ಠ ಶಕ್ತಿ ಎಂದರೆ ಅನಿಲ ಸ್ಥಿರಾಂಕ, ನಿರಪೇಕ್ಷ ತಾಪ ಮತ್ತು ಸಾರತೆಗಳ ಅನುಪಾತದ ಸ್ವಾಭಾವಿಕ ಲಾಗರಿತಮ್ ಇವುಗಳ ಗುಣಲಬ್ಧ. ಬೆಲೆಗಳನ್ನು ಹಾಕಿದರೆ, 8.314 × 310 × 9.21, ಸುಮಾರು 23.7 ಕಿಲೊಜೂಲ್. ಒಳಜಾಲದ ಪಂಪು ಒಂದು ಎಟಿಪಿ ಅಣುವಿಗೆ ಎರಡು ಕ್ಯಾಲ್ಸಿಯಮ್ ಅಯಾನುಗಳನ್ನು ಸಾಗಿಸುತ್ತದೆ. ಈ ಪೊರೆಯ ಆಚೀಚೆ ವಿದ್ಯುತ್ ವಿಭವದ ವ್ಯತ್ಯಾಸ ನಗಣ್ಯವಾದ್ದರಿಂದ ಬೇಕಾದ ಶಕ್ತಿ ಸುಮಾರು 47 ಕಿಲೊಜೂಲ್. ಕೋಶದಲ್ಲಿ ಒಂದು ಮೋಲ್ ಎಟಿಪಿ ಒದಗಿಸುವುದು ಸುಮಾರು 50ರಿಂದ 60 ಕಿಲೊಜೂಲ್. ಪಂಪು ತನ್ನ ಮಿತಿಗೆ ಎಷ್ಟು ಹತ್ತಿರದಲ್ಲಿ ದುಡಿಯುತ್ತಿದೆ ನೋಡಿ! ಈ ಲೆಕ್ಕವನ್ನು ಪದವಿ ತರಗತಿಯ ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು.

ಒಳಜಾಲ ಕ್ಯಾಲ್ಸಿಯಮ್ ಬಿಡುಗಡೆ ಮಾಡುವುದು ಸ್ನಾಯುವಿನಲ್ಲಿ ಮಾತ್ರವಲ್ಲ. ನರಕೋಶಗಳಲ್ಲಿ ಈ ಬಿಡುಗಡೆಯ ದ್ವಾರ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೈತಿ ಹಸನ್ ಹಣ್ಣಿನ ನೊಣಗಳಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅಂಥ ದೋಷವಿರುವ ಕೆಲವು ನೊಣಗಳಿಗೆ ಹಾರಾಟವೇ ಸಾಧ್ಯವಾಗುವುದಿಲ್ಲ.

ಮಾಂಸದಂಗಡಿಯಲ್ಲೊಂದು ಪಾಠ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನ ಮಾಂಸದಂಗಡಿಗಳಲ್ಲಿ ಕುರಿ, ಆಡುಗಳ ಅಂಗಗಳನ್ನು ಬೇರೆಬೇರೆಯಾಗಿ ಜೋಡಿಸಿಟ್ಟಿರುತ್ತಾರೆ. ಒಂದೇ ಪ್ರಾಣಿ, ಎಲ್ಲ ಕೋಶಗಳಲ್ಲೂ ಒಂದೇ ಜೀನುಗಳು. ಆದರೂ ಒಳಜಾಲದ ಹಂಚಿಕೆ ಅಂಗದಿಂದ ಅಂಗಕ್ಕೆ ಬೇರೆ. ಯಕೃತ್ತಿನಲ್ಲಿ ಎರಡೂ ಬಗೆ ಧಾರಾಳ, ಒರಟಿಗೆ ನುಣುಪು ಸುಮಾರು 2:1. ಯಾಕೆಂದರೆ ಅದು ರಕ್ತದ ಆಲ್ಬುಮಿನ್‌ನಂಥ ಪ್ರೋಟೀನುಗಳನ್ನೂ ತಯಾರಿಸಬೇಕು, ವಿಷಗಳನ್ನೂ ನಿಭಾಯಿಸಬೇಕು. ಮೇದೋಜೀರಕದಲ್ಲಿ ಒರಟಿನದೇ ಸಾಮ್ರಾಜ್ಯ. ಅದರ ಕಸುಬು ಜೀರ್ಣರಸದ ಕಿಣ್ವಗಳು. ವೃಷಣದ ಹಾರ್ಮೋನು ಕೋಶಗಳಲ್ಲಿ ನುಣುಪಿನದು ಮೇಲುಗೈ. ತೊಡೆಯ ಮಾಂಸದಲ್ಲಿ ಕ್ಯಾಲ್ಸಿಯಮ್ ಉಗ್ರಾಣ. ರಕ್ತದ ಬಲಿತ ಕೆಂಪು ಕೋಶಗಳಲ್ಲಿ ಕೋಶಕೇಂದ್ರವೂ ಇಲ್ಲ, ಒಳಜಾಲವೂ ಇಲ್ಲ. ಕೋಶವೊಂದರ ಕಸುಬು ಗೊತ್ತಿದ್ದರೆ ಅದರ ಒಳಜಾಲ ಹೇಗಿರಬೇಕೆಂದು ಊಹಿಸಬಹುದು. ಒಳಜಾಲದ ಚಿತ್ರ ಸಿಕ್ಕರೆ ಕಸುಬನ್ನು ಹೇಳಬಹುದು.

ಹಿಗ್ಗುವ, ಕುಗ್ಗುವ ಪೊರೆ

ಈಗ ಎರಡನೆಯ ಕಲ್ಪನೆಗೆ ಬರೋಣ: ಈ ಪಾಲು ಸ್ಥಿರವೇ? ಯಕೃತ್ತಿನ ನುಣುಪು ಒಳಜಾಲದಲ್ಲಿ ಸೈಟೊಕ್ರೋಮ್ ಪಿ-450 ಎಂಬ ಕಿಣ್ವಗಳ ದೊಡ್ಡ ಕುಟುಂಬವಿದೆ. ಇವುಗಳಲ್ಲಿ ಕಬ್ಬಿಣ ಹೊತ್ತ ಹೀಮ್ ಅಣುವಿದೆ. ಕಾರ್ಬನ್ ಮಾನಾಕ್ಸೈಡ್ ಅಂಟಿದಾಗ ಇವು 450 ನ್ಯಾನೊಮೀಟರ್ ತರಂಗದೂರದ ನೀಲಿ ಬೆಳಕನ್ನು ಬಲವಾಗಿ ಹೀರುತ್ತವೆ. ಹೆಸರಿನಲ್ಲಿರುವ ಸಂಖ್ಯೆ ಬಂದದ್ದು ಈ ರೋಹಿತದಿಂದ; 1960ರ ದಶಕದ ಆರಂಭದಲ್ಲಿ ಹಾಗೆ ಹೆಸರಿಸಿದವರು ಜಪಾನಿನ ಓಮುರ ಮತ್ತು ಸಾಟೊ. ಹಲವು ಔಷಧಗಳು ಕೊಬ್ಬಿನಲ್ಲಿ ಕರಗುವಂಥವು. ಹಾಗೆಯೇ ಬಿಟ್ಟರೆ ಮೂತ್ರದಲ್ಲಿ ಹೊರಹೋಗಲಾರವು. ಪಿ-450 ಕಿಣ್ವಗಳು ಅವುಗಳಿಗೆ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸುತ್ತವೆ. ಮುಂದೆ ಬೇರೆ ಕಿಣ್ವಗಳು ಇನ್ನಷ್ಟು ಬದಲಾಯಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತವೆ.

ಮೂರ್ಛೆರೋಗಕ್ಕೆ ಕೊಡುವ ಫೀನೊಬಾರ್ಬಿಟೋನ್ ಔಷಧವನ್ನು ಇಲಿಗೆ ಕೆಲವು ದಿನ ಕೊಟ್ಟರೆ ಅದರ ಯಕೃತ್ತಿನ ನುಣುಪು ಒಳಜಾಲ ಎರಡು ಪಟ್ಟಿನಷ್ಟು ಹಿಗ್ಗುತ್ತದೆ. ಔಷಧ ನಿಲ್ಲಿಸಿದರೆ ಹೆಚ್ಚುವರಿ ಪೊರೆಯನ್ನು ಕೋಶದ ಲೈಸೊಸೋಮ್‌ಗಳು ಕೆಲವೇ ದಿನಗಳಲ್ಲಿ ಜೀರ್ಣಿಸಿ ಹಾಕುತ್ತವೆ. ಔಷಧವೊಂದು ಜೀನುಗಳಿಗೆ ಈ ಆದೇಶವನ್ನು ಹೇಗೆ ಮುಟ್ಟಿಸುತ್ತದೆ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಇಲಿಯ ಯಕೃತ್ತಿನಲ್ಲಿ ಇದನ್ನೇ ಶೋಧಿಸಿತು. ಫೀನೊಬಾರ್ಬಿಟೋನ್ ಪಿ-450 ಜೀನುಗಳ ನಕಲು ತೆಗೆಯುವ ಕ್ರಿಯೆಯನ್ನು ಹೆಚ್ಚಿಸುತ್ತದೆ, ಈ ಕ್ರಿಯೆಗೆ ಹೀಮ್ ಅಣುವೂ ಇಂಬು ಕೊಡುತ್ತದೆ ಎಂದು ಅವರ ಕೆಲಸ ತೋರಿಸಿತು. ಪಿ-450 ಯಕೃತ್ತಿಗೆ ಮಾತ್ರ ಸೀಮಿತವಲ್ಲ. ಮಿದುಳಿನಲ್ಲೂ ಈ ಕಿಣ್ವಗಳಿದ್ದು, ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಗಳನ್ನು ಅಲ್ಲೇ ಬದಲಾಯಿಸಬಲ್ಲವು ಎಂಬುದನ್ನು ನಿಮ್ಹಾನ್ಸ್‌ನಲ್ಲಿದ್ದಾಗ ವಿಜಯಲಕ್ಷ್ಮಿ ರವೀಂದ್ರನಾಥ್ ಅಧ್ಯಯನ ಮಾಡಿದರು.

ಇದು ಪ್ರಯೋಗಾಲಯದ ಕುತೂಹಲ ಮಾತ್ರವಾಗಿ ಉಳಿದಿಲ್ಲ. ಕ್ಷಯರೋಗದ ಚಿಕಿತ್ಸೆಯ ಬೆನ್ನೆಲುಬಾದ ರಿಫಾಂಪಿಸಿನ್ ಔಷಧವು ಯಕೃತ್ತು ಮತ್ತು ಕರುಳಿನ ಪಿ-450 ಕಿಣ್ವಗಳನ್ನು ಬಲವಾಗಿ ಹೆಚ್ಚಿಸುತ್ತದೆ. ಅದರ ಜೊತೆಗೆ ತೆಗೆದುಕೊಳ್ಳುವ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಎಚ್‌ಐವಿ ಸೋಂಕಿನ ಕೆಲವು ಔಷಧಗಳು ನಿರೀಕ್ಷೆಗಿಂತ ಬೇಗ ವಿಘಟನೆಗೊಳ್ಳುತ್ತವೆ. ಮಾತ್ರೆ ತಪ್ಪದೆ ನುಂಗಿದರೂ ರಕ್ತದಲ್ಲಿ ಅದರ ಮಟ್ಟ ಸಾಲದಾಗುತ್ತದೆ. ಚಿಕಿತ್ಸೆ ಮುಗಿದು ಕಿಣ್ವಗಳು ಮೊದಲಿನ ಮಟ್ಟಕ್ಕೆ ಇಳಿದಾಗ ಉಲ್ಟಾ ಅಪಾಯ: ಹೆಚ್ಚಿಸಿದ್ದ ವಾರ್ಫರಿನ್ ಪ್ರಮಾಣ ಈಗ ಅತಿಯಾಗಿ ರಕ್ತಸ್ರಾವವಾಗಬಹುದು. ಕೆಲವು ಮೂರ್ಛೆರೋಗದ ಔಷಧಗಳನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ‘ಡಿ’ ಜೀವಸತ್ವವೂ ಬೇಗ ವಿಘಟನೆಯಾಗಿ ಮೂಳೆ ದುರ್ಬಲವಾಗುವುದುಂಟು.

ಮದ್ಯದ ವಿಷಯವೂ ಹೀಗೆಯೇ. ದಿನವೂ ಕುಡಿಯುವವರ ಯಕೃತ್ತಿನಲ್ಲಿ ಪಿ-450 ಕುಟುಂಬದ ಒಂದು ಕಿಣ್ವ ಹೆಚ್ಚುತ್ತದೆ. ಅದೇ ಕಿಣ್ವ ಜ್ವರದ ಸಾಮಾನ್ಯ ಮಾತ್ರೆಯಾದ ಪ್ಯಾರಸಿಟಮಾಲ್‌ನ ಸ್ವಲ್ಪ ಭಾಗವನ್ನು ಯಕೃತ್ತಿಗೆ ಹಾನಿಕರವಾದ ವಸ್ತುವಾಗಿ ಬದಲಾಯಿಸುತ್ತದೆ. ಸಾಮಾನ್ಯವಾಗಿ ಇದನ್ನು ಗ್ಲುಟಥಯೋನ್ ಎಂಬ ಅಣು ತಟಸ್ಥಗೊಳಿಸುತ್ತದೆ. ಅತಿಕುಡಿತದವರಲ್ಲಿ ಗ್ಲುಟಥಯೋನ್ ದಾಸ್ತಾನೂ ಕಡಿಮೆ. ಆದ್ದರಿಂದ ಇತರರಿಗೆ ಸುರಕ್ಷಿತವಾದ ಮಿತಿ ಅವರಿಗೆ ಸುರಕ್ಷಿತವಾಗಿರದೆ ಇರಬಹುದು. ‘ವಿಷ ನಿವಾರಣೆ’ ಎಂದು ಪಠ್ಯಪುಸ್ತಕ ಹೇಳುವ ಕ್ರಿಯೆಯೇ ಕೆಲವೊಮ್ಮೆ ವಿಷವನ್ನು ಹುಟ್ಟಿಸುತ್ತದೆ ಎಂಬುದನ್ನು ಗಮನಿಸಿ.

ಬೌರಿಂಗ್ ಆಸ್ಪತ್ರೆಯಲ್ಲಾಗಲಿ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಯಲ್ಲಾಗಲಿ ವೈದ್ಯರು ‘ಬೇರೆ ಯಾವ ಮಾತ್ರೆ ತಗೊಳ್ತಾ ಇದ್ದೀರಿ? ಕುಡಿಯೋ ಅಭ್ಯಾಸ ಇದೆಯಾ?’ ಎಂದು ಕೇಳಿದರೆ ಅದಕ್ಕೆ ಇಂಥ ಕಾರಣಗಳಿವೆ. ಮುಚ್ಚಿಡದೆ ಉತ್ತರಿಸಬೇಕು. ನಾಟಿ ಔಷಧಿಯಾದರೂ ಹೇಳಬೇಕು. ಯಕೃತ್ತಿನ ಕಿಣ್ವಗಳಿಗೆ ಔಷಧ ಯಾವ ಪದ್ಧತಿಯದು ಎಂಬ ಭೇದವಿಲ್ಲ. ಹಾಗೆಂದು ಕ್ಷಯದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಪ್ರಮಾಣವನ್ನು ಹೊಂದಿಸುವುದು ವೈದ್ಯರ ಕೆಲಸ.

ತರಗತಿಯಲ್ಲಿ

ಅಧ್ಯಾಪಕರು ಈ ಪಾಠವನ್ನು ಹಿಗ್ಗಿಸಿದ ಅಳತೆಯಿಂದ ಆರಂಭಿಸಬಹುದು. 5 ಮಿಲಿಮೀಟರ್ ದಪ್ಪದ ಎರಡು ಹಲಗೆ ಚೂರು, ಕೆಲವು ಸಣ್ಣ ನಿಂಬೆಹಣ್ಣು, ಮೂರು ಅಂಗುಲದ ಪೈಪಿನ ತುಂಡು ಇಷ್ಟು ಸಾಕು. ಈ ಅಳತೆಯಲ್ಲಿ ಕೋಶ 17 ಮೀಟರ್ ಎಂದು ಶಾಲೆಯ ಅಂಗಳದಲ್ಲಿ ಹೆಜ್ಜೆಹಾಕಿ ತೋರಿಸಿ. ಬಳಿಕ ವ್ಯತ್ಯಾಸಗಳ ಪಟ್ಟಿ ಬರೆಸುವ ಬದಲು ಈ ಪ್ರಶ್ನೆಗಳನ್ನು ಕೇಳಿ.

1. ಪ್ರತಿಕಾಯಗಳನ್ನು ಸ್ರವಿಸುವ ಬಿಳಿ ರಕ್ತಕೋಶದಲ್ಲಿ ಯಾವ ಬಗೆಯ ಒಳಜಾಲ ಹೆಚ್ಚಿರಬೇಕು? ಕಾರಣವೇನು?

2. ಮೂರನೆಯ ಜ್ವರದ ರೇಷ್ಮೆಹುಳು ಮತ್ತು ಹಣ್ಣಾಗಲಿರುವ ರೇಷ್ಮೆಹುಳು, ಇವೆರಡರ ಗ್ರಂಥಿಕೋಶಗಳಲ್ಲಿ ಯಾವ ವ್ಯತ್ಯಾಸವನ್ನು ನಿರೀಕ್ಷಿಸುತ್ತೀರಿ?

3. ರೈಬೊಸೋಮ್‌ಗಳನ್ನೆಲ್ಲ ತೊಳೆದು ತೆಗೆದರೆ ಒರಟು ಒಳಜಾಲ ನುಣುಪು ಒಳಜಾಲವಾಗುತ್ತದೆಯೇ?

4. ನಿದ್ರೆಮಾತ್ರೆ ರೂಢಿಯಾದವರಿಗೆ ದಿನ ಕಳೆದಂತೆ ಹೆಚ್ಚು ಪ್ರಮಾಣ ಬೇಕಾಗುವುದಕ್ಕೆ ಯಕೃತ್ತಿನಲ್ಲಿ ಏನು ಕಾರಣವಿರಬಹುದು?

ಮೂರನೆಯ ಪ್ರಶ್ನೆಗೆ ಹಲವರು ‘ಹೌದು’ ಎನ್ನುತ್ತಾರೆ. ಸರಿಯಾದ ಉತ್ತರ ‘ಇಲ್ಲ’. ರೈಬೊಸೋಮ್ ಕೂರುವ ದ್ವಾರಗಳು ಒರಟು ಭಾಗದಲ್ಲಿ ದಟ್ಟವಾಗಿವೆ. ಪೊರೆಯ ಪ್ರೋಟೀನುಗಳ ಹಂಚಿಕೆಯೇ ಎರಡು ಕಡೆ ಬೇರೆ. ಪೊರೆ ಒಂದೇ ಆದರೂ ಅದರ ಭಾಗಗಳು ಒಂದೇ ಅಲ್ಲ ಎಂಬ ಮಾತನ್ನು ವಿದ್ಯಾರ್ಥಿ ತನ್ನದೇ ವಾಕ್ಯದಲ್ಲಿ ಹೇಳಿದರೆ ಪಾಠ ಮುಟ್ಟಿದೆ ಎಂದು ತಿಳಿಯಬಹುದು.